ಕಾಲು ತಾನಾಗಿಯೇ ಅದುರಿದರೆ ನರ ಬಂತು ಅಂತ ಅಲ್ಲ. ದಾವಣಗೆರೆ ಕಡೆಯವರು ದಯವಿಟ್ಟು ಓದಿ

ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆಯವರ ವಾಟ್ಸಾಪ್‌ಗೆ ಒಂದು ವಿಡಿಯೋ ಬಂದಿರಬಹುದು. ಮಂಚದ ಮೇಲೆ ಮಲಗಿರುವ ಒಬ್ಬ ಹೆಂಗಸಿನ ಪಾದ ಟಕಟಕ ಅಂತ ಅದುರುತ್ತದೆ. ಮುಖ ಕಾಣುವುದಿಲ್ಲ. ಕೆಳಗೆ "ಬೆನ್ನುಹುರಿ ಗೆಡ್ಡೆ ಆಪರೇಷನ್ ಆದ ಪೇಷಂಟ್, ನಮ್ಮ ಚಿಕಿತ್ಸೆಯಿಂದ ನರ ವಾಪಸ್ ಬಂತು" ಅಂತ ಬರೆದಿದ್ದಾರೆ. ಅದು ನಮ್ಮ ಅವ್ವನ ಕಾಲು. ನರ ವಾಪಸ್ ಬಂದಿರಲಿಲ್ಲ. ಅದನ್ನು ನೋಡಿ ಯಾರೂ ದುಡ್ಡು ಕಟ್ಟಬೇಡಿ, ಕೈಮುಗಿದು ಕೇಳುತ್ತೇನೆ.

ಮೊದಲಿಂದ ಹೇಳುತ್ತೇನೆ. ಅವ್ವನಿಗೆ ಎದೆ ಮಟ್ಟದಲ್ಲಿ, ಬೆನ್ನುಹುರಿಯನ್ನು ಸುತ್ತಿರುವ ಪೊರೆಯಲ್ಲಿ ಗೆಡ್ಡೆ ಬೆಳೆದಿತ್ತು. ಮೆನಿಂಜಿಯೋಮಾ ಅಂತಾರೆ. ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ, ನಿಧಾನವಾಗಿ ಬೆಳೆಯುವಂಥದ್ದು, ನಡುವಯಸ್ಸು ದಾಟಿದ ಹೆಂಗಸರಲ್ಲೇ ಜಾಸ್ತಿ. ಮೊದಮೊದಲು ಕಾಲಿಂದ ಚಪ್ಪಲಿ ಜಾರಿ ಬಿದ್ದರೂ ಅವ್ವನಿಗೆ ಗೊತ್ತಾಗುತ್ತಿರಲಿಲ್ಲ. ವಯಸ್ಸಾಯ್ತು ಅಂದರು, ಶುಗರ್ ಇರಬಹುದು ಅಂದರು, ಬಿ12 ಇಂಜೆಕ್ಷನ್ ಆಯಿತು. ಎಂಆರ್‌ಐ ಮಾಡಿಸುವ ಹೊತ್ತಿಗೆ ಕಾಲು ಎತ್ತುವುದಕ್ಕೇ ಆಗುತ್ತಿರಲಿಲ್ಲ.

ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಗೆಡ್ಡೆ ಪೂರ್ತಿ ತೆಗೆದರು. ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದರು: "ಗೆಡ್ಡೆ ತೆಗೆದಾಯ್ತು. ಆದ್ರೆ ಇಷ್ಟು ದಿನ ಒತ್ತಿಸಿಕೊಂಡ ಹುರಿ ಚೇತರಿಸಿಕೊಳ್ಳೋಕೆ ಟೈಮ್ ಬೇಕು. ತಿಂಗಳುಗಟ್ಟಲೆ ಹಿಡಿಯುತ್ತೆ, ವರ್ಷ ಆದ್ರೂ ಆಗಬಹುದು. ಇಂಥ ದಿನ ನಡೀತಾರೆ ಅಂತ ಯಾರೂ ಬರೆದುಕೊಡೋಕೆ ಆಗಲ್ಲ."

ಈ ಮಾತು ಕೇಳಿಸಿಕೊಂಡು ಊರಿಗೆ ಬಂದವರ ಮನೆಬಾಗಿಲಿಗೆ "90 ದಿನದಲ್ಲಿ ನಡೆಸ್ತೀವಿ" ಅನ್ನುವವನು ಬಂದು ನಿಂತರೆ ಮನಸ್ಸು ಎಲ್ಲಿಗೆ ಹೋಗುತ್ತೆ, ನೀವೇ ಹೇಳಿ. ಮನೆಗೇ ಬಂದು ಫಿಸಿಯೋಥೆರಪಿ, ನರ್ಸಿಂಗ್ ಎರಡೂ ಮಾಡುತ್ತೇವೆ ಅಂದರು. ಹೆಸರು ಬರೆಯುವುದಿಲ್ಲ. 65 ಸಾವಿರ, ಪೂರ್ತಿ ಅಡ್ವಾನ್ಸ್. ಫಿಸಿಯೋದವರು ಬಂದ ದಿನಕ್ಕೆ ಇಷ್ಟು ಅಂತ ತಗೊಳ್ಳುವುದು ವಾಡಿಕೆ, ಅಲ್ವಾ? ಇವರು "ಪ್ಯಾಕೇಜ್ ಆದ್ರೆ ಮಾತ್ರ ಸರ್, ಬಿಡಿ ಬಿಡಿಯಾಗಿ ಮಾಡಲ್ಲ" ಅಂದರು.

ಮೊದಲ ದಿನ ಒಬ್ಬರು ಮೇಡಂ ಬಂದರು. ಓದಿಕೊಂಡವರು ಅಂತ ನೋಡಿದರೆ ಗೊತ್ತಾಗುತ್ತಿತ್ತು. ಸಣ್ಣ ಸುತ್ತಿಗೆಯಿಂದ ಮಂಡಿ ತಟ್ಟಿದರು, ಹತ್ತಿ ತಾಗಿಸಿ ಎಲ್ಲಿಂದ ಕೆಳಗೆ ಗೊತ್ತಾಗುವುದಿಲ್ಲ ಅಂತ ಬರೆದುಕೊಂಡರು. ಆಮೇಲೆ ಅವರ ಮುಖ ನಾವು ನೋಡಲೇ ಇಲ್ಲ. ಮಾರನೇ ದಿನದಿಂದ ಒಬ್ಬ ಹುಡುಗ. ಪಾಪ, ಅವನ ಮೇಲೆ ನನಗೆ ಸಿಟ್ಟಿಲ್ಲ. ಕಾಲನ್ನು ನಾಲ್ಕು ಸಲ ಮಡಚಿ ಬಿಡಿಸುತ್ತಿದ್ದ. ಕರೆಂಟ್ ಮಷೀನ್ ಅಂಟಿಸಿ ಫೋನ್ ನೋಡುತ್ತಾ ಕೂರುತ್ತಿದ್ದ. ಏನು ಓದಿದ್ದೀಯಪ್ಪಾ ಅಂದರೆ "ಟ್ರೈನಿಂಗ್ ಆಗೈತೆ ಸರ್" ಅನ್ನುತ್ತಿದ್ದ. ಯೂರಿನ್ ಪೈಪ್ ಬದಲಾಯಿಸಿ ಎಷ್ಟು ದಿನ ಆಯಿತು, ಮೋಷನ್ ಸರಿಯಾಗಿ ಆಗುತ್ತಿದೆಯಾ, ಸೊಂಟದ ಹತ್ತಿರ ಚರ್ಮ ಕೆಂಪಾಗಿದೆಯಾ, ಒಬ್ಬರೂ ಕೇಳಲಿಲ್ಲ. ನರ್ಸಿಂಗ್ ಅಂತ ದುಡ್ಡು ತಗೊಂಡವರು! ಎರಡೆರಡು ಗಂಟೆಗೆ ಮಗ್ಗಲು ಬದಲಾಯಿಸುತ್ತಿದ್ದವಳು ನನ್ನ ಹೆಂಡತಿ. ರಾತ್ರಿ ಅಲಾರಂ ಇಟ್ಟುಕೊಂಡು.

ಒಂದು ದಿನ ಬೆಳಗ್ಗೆ ಆ ಹುಡುಗ ಅವ್ವನ ಪಾದವನ್ನು ಜೋರಾಗಿ ಮೇಲಕ್ಕೆ ತಳ್ಳಿದ. ಪಾದ ಟಕಟಕಟಕ ಅಂತ ಕುಣಿಯೋಕೆ ಶುರುವಾಯಿತು. ಮಂಚ ಕಿರುಗುಟ್ಟಿತು. ಹುಡುಗ ಮ್ಯಾನೇಜರ್‌ಗೆ ಫೋನ್ ಮಾಡಿದ. ಅಷ್ಟು ದಿನ ಪತ್ತೆ ಇಲ್ಲದ ಮನುಷ್ಯ ಅರ್ಧ ಗಂಟೆಯಲ್ಲಿ ಹಾಜರ್. ಮತ್ತೆ ಪಾದ ತಳ್ಳಿಸಿ ವಿಡಿಯೋ ಮಾಡಿಕೊಂಡ. "ಅಮ್ಮಾ, ನಿಮ್ ಕಾಲು ಎದ್ದೈತೆ ನೋಡ್ರಿ!"

ಅವ್ವ ನನ್ನ ಕಡೆ ತಿರುಗಿ ಹೇಳಿದ್ದು ಇಷ್ಟು: "ತಮ್ಮಾ, ನಾ ಏನೂ ಮಾಡ್ಲಿಲ್ಲೋ. ಅದೇ ಕುಣೀತೈತಿ."

ನಿಜ ಪೂರ್ತಿ ಆ ಮಾತಿನಲ್ಲೇ ಇತ್ತು. ಮ್ಯಾನೇಜರ್ ಅದನ್ನು ನಕ್ಕು ತೇಲಿಸಿದ. "ನರ ಎಚ್ಚರ ಆದಾಗ ಹಂಗೇ ಅಮ್ಮ."

ಆವತ್ತು ಮನೆಯಲ್ಲಿ ಹಬ್ಬ. ಅಕ್ಕ ಹಿರಿಯೂರಿನಿಂದ ಓಡಿ ಬಂದಳು. ಹೆಂಡತಿ ದುಗ್ಗಮ್ಮನಿಗೆ ಉಡಿ ತುಂಬಿಸಿ ಬಂದಳು. ಅಕ್ಕಪಕ್ಕದ ಮನೆಗೆಲ್ಲ ಪೇಡ ಹಂಚಿದೆವು. ಸಂಜೆಗೆ ಮ್ಯಾನೇಜರ್ ಮತ್ತೆ ಬಂದ. "ಈಗ ಬಿಟ್ರೆ ನರ ಮತ್ತೆ ಮಲಗಿಬಿಡುತ್ತೆ ಸರ್. ಅಡ್ವಾನ್ಸ್ಡ್ ಪ್ಯಾಕೇಜ್ ಐತೆ, 40 ಸಾವಿರ. ಇವತ್ತೇ ಶುರು ಮಾಡೋಣ." ಅವನೆದುರಿಗೇ ಫೋನ್‌ಪೇ ಮಾಡಿದೆ. ಇದನ್ನು ಬರೆಯುವಾಗ ಈಗಲೂ ಮೈ ಉರಿಯುತ್ತದೆ.

ಆಮೇಲೆ ಅದುರಾಟ ಜಾಸ್ತಿಯಾಯಿತು. ರಾತ್ರಿ ಎರಡೂ ಕಾಲು ಒಂದಕ್ಕೊಂದು ಬಡಿದುಕೊಳ್ಳುತ್ತಿದ್ದವು. ಅವ್ವನಿಗೆ ನಿದ್ದೆ ಇಲ್ಲ. ವೀಲ್‌ಚೇರ್‌ನಲ್ಲಿ ಕೂರಿಸಿದರೆ ಕಾಲು ಸೆಟೆದು ಕೆಳಗೆ ಜಾರುತ್ತಿದ್ದಳು. ಕೇಳಿದರೆ "ಒಳ್ಳೇದೇ ಸರ್, ಶಕ್ತಿ ಬರ್ತಿದೆ." ಉಚ್ಚೆ ಕದಡಿದ ಹಾಗೆ ಬರುತ್ತಿದೆ, ವಾಸನೆ ಇದೆ ಅಂದರೆ "ಬೇಸಿಗೆ ಅಲ್ವಾ, ನೀರು ಜಾಸ್ತಿ ಕೊಡಿ."

ಚೆಕಪ್‌ಗೆ ಬೆಂಗಳೂರಿಗೆ ಹೋದಾಗ ಡಾಕ್ಟರಿಗೆ ಆ ವಿಡಿಯೋ ತೋರಿಸಿದೆ. ಖುಷಿಯಿಂದ ತೋರಿಸಿದೆ. ಅವರು ನೋಡಿ ಫೋನ್ ವಾಪಸ್ ಕೊಟ್ಟು ಅವ್ವನ ಹತ್ತಿರ ಬಂದರು. "ಅಮ್ಮ, ಬಲಗಾಲಿನ ಹೆಬ್ಬೆರಳು ಮೇಲೆತ್ತಿ." ಅವ್ವ ಕಣ್ಣು ಮುಚ್ಚಿ ಹಲ್ಲು ಕಚ್ಚಿದಳು. ಕುತ್ತಿಗೆ ನರ ಉಬ್ಬಿತು. ಬೆರಳು ಅಲುಗಲಿಲ್ಲ. "ಅದುರುವಾಗ ನಿಲ್ಲಿಸು ಅಂದ್ರೆ ನಿಲ್ಲುತ್ತಾ?" ಇಲ್ಲ ಅಂದೆವು.

ಡಾಕ್ಟರು ಬಿಡಿಸಿ ಹೇಳಿದರು. ಮೆದುಳಿನಿಂದ ಬರುವ ಹಿಡಿತ ತಪ್ಪಿದಾಗ ಹುರಿ ತನ್ನಷ್ಟಕ್ಕೆ ತಾನೇ ಕಾಲನ್ನು ಸೆಟೆಸುತ್ತೆ, ಎಳೆದಾಡುತ್ತೆ. ಅದಕ್ಕೆ ಸ್ಪಾಸ್ಟಿಸಿಟಿ ಅನ್ನುತ್ತಾರೆ. ಪಾದ ತಳ್ಳಿದಾಗ ಟಕಟಕ ಅನ್ನುವುದು ಕ್ಲೋನಸ್. ಚೇತರಿಕೆ ಅಂದರೆ ನಾವು ಅಂದುಕೊಂಡಾಗ ಕಾಲು ಆಡಬೇಕು. ಇನ್ನೊಂದು ವಿಷಯ, ಈ ಅದುರಾಟ ಇದ್ದಕ್ಕಿದ್ದಂತೆ ಜಾಸ್ತಿಯಾದರೆ ಮೈಯಲ್ಲಿ ಬೇರೆ ಏನೋ ತೊಂದರೆ ಇರಬಹುದು ಅಂತ ಹುಡುಕಬೇಕು. ಮೂತ್ರದ ಸೋಂಕು, ಮಲಬದ್ಧತೆ, ಹಾಸಿಗೆ ಹುಣ್ಣು. ಮೂತ್ರ ಪರೀಕ್ಷೆ ಮಾಡಿಸಿದರು. ಸೋಂಕು ಜೋರಾಗಿತ್ತು. "ಶಕ್ತಿ ಬರ್ತಿದೆ" ಅಂದಿದ್ದರಲ್ಲ, ಬರುತ್ತಿದ್ದದ್ದು ಜ್ವರ.

ವಾಪಸ್ ಬರುವಾಗ ಶಿರಾ ದಾಟುವವರೆಗೂ ಅವ್ವ ಮಾತಾಡಲಿಲ್ಲ. ಆಮೇಲೆ ಕೇಳಿದಳು: "ಹಂಗಾರೆ ಅದು ನನ್ ಕಾಲು ಆಡಿದ್ದಲ್ಲೇನು?" ನನಗೆ ಬಾಯಿ ಬರಲಿಲ್ಲ.

ಮ್ಯಾನೇಜರ್‌ಗೆ ಫೋನ್ ಮಾಡಿದೆ. ಅವನು ಅಂದದ್ದನ್ನು ಅಂದ ಹಾಗೇ ಬರೆಯುತ್ತೇನೆ. "ಡಾಕ್ಟ್ರು ಆಪರೇಷನ್ ಮಾಡ್ತಾರೆ ಸರ್, ರಿಕವರಿ ಅವರಿಗೆ ಗೊತ್ತಾಗಲ್ಲ." 90 ದಿನದ ಮಾತು ಎತ್ತಿದರೆ "ನಡೆಸ್ತೀವಿ ಅಂದ್ವಿ, ಹಿಡ್ಕೊಳ್ದೇ ನಡೆಸ್ತೀವಿ ಅಂದ್ವಾ?" ದುಡ್ಡು ವಾಪಸ್ ಕೊಡಿ ಅಂದರೆ "ಬಿಲ್ ಹಿಂದೆ ರೂಲ್ಸ್ ಐತೆ ನೋಡಿ." ಬಿಲ್ಲನ್ನೇ ಕೊಟ್ಟಿಲ್ಲ! ವಿಡಿಯೋ ತೆಗೆಯಿರಿ ಅಂದರೆ "ಮುಖ ಕಾಣಲ್ವಲ್ಲ, ತಪ್ಪೇನು?" ಕೊನೆಗೆ ಒಂದು ಮಾತು ಅಂದ: "ಪೇಷಂಟ್‌ಗೆ ವಿಲ್‌ಪವರ್ ಕಮ್ಮಿ ಸರ್." ಹಲ್ಲು ಕಚ್ಚಿ ಬೆರಳೆತ್ತಲು ಒದ್ದಾಡಿದ ನಮ್ಮ ಅವ್ವನಿಗೆ ವಿಲ್‌ಪವರ್ ಕಮ್ಮಿಯಂತೆ. ಆಮೇಲೆ ನನ್ನ ನಂಬರ್ ಬ್ಲಾಕ್ ಮಾಡಿದ.

ಈಗ ಬೇರೆ ಫಿಸಿಯೋಥೆರಪಿಸ್ಟ್ ಬರುತ್ತಾರೆ. ಬಿಪಿಟಿ, ಅಂದರೆ ಫಿಸಿಯೋಥೆರಪಿ ಡಿಗ್ರಿ ಓದಿದವರು, ಬಂದ ದಿನಕ್ಕೆ ದುಡ್ಡು. ಬಂದವರೇ ಮೊದಲು ಕೇಳಿದ್ದು ಯೂರಿನ್, ಮೋಷನ್ ಬಗ್ಗೆ. ನಡೆಸುತ್ತೇನೆ ಅಂತ ಇವತ್ತಿಗೂ ಅಂದಿಲ್ಲ. ಸೋಂಕು ಇಳಿದ ಮೇಲೆ, ಸೆಟೆತ ಸಡಿಲಿಸುವ ಬ್ಯಾಕ್ಲೋಫೆನ್ ಮಾತ್ರೆ ಶುರುವಾದ ಮೇಲೆ ಅದುರಾಟ ಕಮ್ಮಿಯಾಗಿದೆ. ಮಂಚದಿಂದ ವೀಲ್‌ಚೇರ್‌ಗೆ ನುಣುಪಾದ ಹಲಗೆ ಮೇಲೆ ಕೈಯೂರಿ ಜರುಗುವುದನ್ನು ಅವ್ವ ಕಲಿತಿದ್ದಾಳೆ. ಅಡುಗೆಮನೆ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಾಳೆ, ಒಗ್ಗರಣೆ ಸೀದರೆ ಸೊಸೆಗೆ ಬೈಯುತ್ತಾಳೆ. ರಾತ್ರಿ ನಿದ್ದೆ ಮಾಡುತ್ತಾಳೆ. ಇದನ್ನು ಯಾವ ಪ್ಯಾಕೇಜಿನವನೂ ನಮಗೆ ಹೇಳಿರಲಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಆಪರೇಷನ್ ಆಗಿದ್ದರೆ, ಕಾಲು ಆಡಿತು ಅಂದ ತಕ್ಷಣ ಹೆಬ್ಬೆರಳು ಎತ್ತೋಕೆ ಹೇಳಿ ನೋಡಿ. ಹೇಳಿದಾಗ ಆಡಬೇಕು, ಹೇಳಿದಾಗ ನಿಲ್ಲಬೇಕು. ಅದುರಾಟ ಏರಿದರೆ ಡಾಕ್ಟರಿಗೆ ಫೋನ್ ಮಾಡಿ, ಮೂತ್ರ ಪರೀಕ್ಷೆ ಮಾಡಿಸಿ. ಸ್ಪರ್ಶ ಇಲ್ಲದ ಕಾಲಿಗೆ ಬಿಸಿ ಶಾಖ ಕೊಡಲು ಬಿಡಬೇಡಿ, ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ. ಪೂರ್ತಿ ಅಡ್ವಾನ್ಸ್ ಕೇಳುವವನನ್ನು ಬಾಗಿಲಿಂದಲೇ ಕಳಿಸಿ. ದಿನಾ ಬರುವವರು ಯಾರು, ಏನು ಓದಿದ್ದಾರೆ ಅಂತ ಮೊದಲೇ ಕೇಳಿ. ಬಿಲ್ ಇಲ್ಲದೆ ಒಂದು ರೂಪಾಯಿಯೂ ಬೇಡ.

ನಾವು ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿದ್ದೇವೆ. ಬಿಲ್ ಇಲ್ಲದಿದ್ದರೂ ಫೋನ್‌ಪೇ ದಾಖಲೆ, ವಾಟ್ಸಾಪ್ ಮೆಸೇಜು ಎಲ್ಲಾ ಇಟ್ಟಿದ್ದೇವೆ. ವಕೀಲರು ಬೇಕೇ ಬೇಕು ಅಂತಿಲ್ಲ, ಎರಡು ವರ್ಷದೊಳಗೆ ದೂರು ಕೊಡಬಹುದು. ನಿಟ್ಟುವಳ್ಳಿ, ವಿದ್ಯಾನಗರದ ಕಡೆ ಇನ್ನೂ ಕೆಲವು ಮನೆಗೆ ಇವರು ಹೋಗುತ್ತಿದ್ದಾರೆ ಅಂತ ಕೇಳಿದೆ. ನೀವೂ ದುಡ್ಡು ಕಟ್ಟಿದ್ದರೆ ನಾಚಿಕೊಂಡು ಸುಮ್ನೆ ಕೂರಬೇಡಿ. ನನಗೆ ತಿಳಿಸಿ, ದೂರು ಬರೆಯೋಕೆ ನಾನು ಜೊತೆಗೆ ಬರುತ್ತೇನೆ.