ಹಳೇ ರಿದಮ್ ಅಂಡ್ ಬ್ಲೂಸ್ ಸಿಡಿ ಕೊಳ್ಳುವ ಮುಂಚೆ ಇದನ್ನು ಓದಿಬಿಡಿ

ಅಗ್ಗಕ್ಕೆ ಸಿಗುವ ಐವತ್ತರ ದಶಕದ ರಿದಮ್ ಅಂಡ್ ಬ್ಲೂಸ್ (ರಾಕ್ ಅಂಡ್ ರೋಲ್‌ಗೆ ಬುನಾದಿಯಾದ ಅಮೆರಿಕದ ಕಪ್ಪು ಜನರ ಸಂಗೀತ) ಸಿಡಿ ಸೆಟ್‌ಗಳ ಬಗ್ಗೆ ಹುಷಾರಾಗಿರಿ. ಆನ್‌ಲೈನ್‌ನಲ್ಲಿ ನಾನು ತರಿಸಿದ ಸೆಟ್‌ನ ಮೇಲೆ ‘ಮೂಲ ಗಾಯಕರ ಹಿಟ್ ಹಾಡುಗಳು’ ಅಂತ ದಪ್ಪಕ್ಷರದಲ್ಲಿ ಹಾಕಿದ್ದರು. ಅಮೆರಿಕದ ಗಾಯಕ ಲಿಟಲ್ ರಿಚರ್ಡ್ ಅವರ ‘ಟುಟ್ಟಿ ಫ್ರುಟ್ಟಿ’ ಹಾಕಿದೆ. ದನಿ ಅವರದೇ, ಆದರೆ ಹಾಡು ಅದಲ್ಲ!

ಅಸಲಿ ಹಾಡು ರೆಕಾರ್ಡ್ ಆಗಿದ್ದು 1955ರ ಸೆಪ್ಟೆಂಬರ್‌ನಲ್ಲಿ, ನ್ಯೂ ಆರ್ಲಿಯನ್ಸ್‌ನಲ್ಲಿದ್ದ ಕೋಸಿಮೊ ಮಟಾಸಾ ಅವರ ಪುಟ್ಟ ಸ್ಟುಡಿಯೋದಲ್ಲಿ. ಡ್ರಮ್ಸ್‌ಗೆ ಅರ್ಲ್ ಪಾಮರ್, ಸ್ಯಾಕ್ಸೋಫೋನ್‌ಗೆ ಲೀ ಆಲೆನ್. ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ನುಡಿಸಿದ್ದು, ಮೋನೋದಲ್ಲಿ, ಅಂದರೆ ಎಡ-ಬಲ ಅಂತ ಬೇರೆ ಮಾಡದೆ ಎಲ್ಲಾ ಸದ್ದೂ ಒಂದೇ ಚಾನೆಲ್‌ನಲ್ಲಿ. ಆ ದನಿ ಒಟ್ಟಾಗಿ ಎದೆಗೆ ಬಂದು ಗುದ್ದುತ್ತದೆ. ನನಗೆ ಬಂದ ಸಿಡಿಯಲ್ಲಿ ವಾದ್ಯಗಳು ಎಡಕ್ಕೊಂದು ಬಲಕ್ಕೊಂದು ಹಂಚಿಹೋಗಿದ್ದವು, ಡ್ರಮ್ಸ್‌ನಲ್ಲಿ ಜೀವವೇ ಇರಲಿಲ್ಲ. ಕವರಿನ ಹಿಂಬದಿ, ಬಾರ್‌ಕೋಡ್ ಪಕ್ಕ, ಭೂತಗನ್ನಡಿ ಹಿಡಿದರಷ್ಟೇ ಕಾಣುವಂತೆ ‘ಮೂಲ ಗಾಯಕರಿಂದ ಮರುಮುದ್ರಣ’ ಅಂತಿತ್ತು, ಅಂದರೆ ಅದೇ ಗಾಯಕರು ಆಮೇಲೆ ಮತ್ತೆ ಹಾಡಿ ರೆಕಾರ್ಡ್ ಮಾಡಿದ್ದು. ಸೀಲ್ ಒಡೆದಿದೆ ಅಂತ ಮಾರಿದವರು ವಾಪಸ್ ತಗೊಳ್ಳಲಿಲ್ಲ.

ಹೀಗಾಗುವುದಕ್ಕೆ ಕಾರಣವಿದೆ. ಹಳೇ ಟೇಪಿನ ಹಕ್ಕು ಹಳೇ ಕಂಪನಿಯ ಕೈಯಲ್ಲೇ ಉಳಿಯುತ್ತಿತ್ತು. ಗಾಯಕರು ಹೊಸ ಕಂಪನಿ ಸೇರಿದಾಗ ಅದೇ ಹಿಟ್‌ಗಳನ್ನು ಮತ್ತೆ ಹಾಡಿಸುತ್ತಿದ್ದರು. ಲಿಟಲ್ ರಿಚರ್ಡ್ 1964ರಲ್ಲಿ ವೀ-ಜೇ ಕಂಪನಿಗೆ ಹಾಡಿದರು, ಇನ್ನೊಬ್ಬ ಗಾಯಕ ಚಕ್ ಬೆರ್ರಿ ಚೆಸ್ ಕಂಪನಿ ಬಿಟ್ಟು ಮರ್ಕ್ಯುರಿ ಕಂಪನಿಗೆ ಹೋದ ಮೇಲೆ ಹಾಡಿದರು. ಇಂಥ ಮರುಮುದ್ರಣಗಳೇ ಅಗ್ಗದ ಸೆಟ್‌ಗಳಿಗೆ ಬಂದು ಸೇರುತ್ತವೆ.

ಅಸಲಿ ಹಾಡುಗಳಿದ್ದರೂ ಇನ್ನೊಂದು ಕಾಟ. 1963ಕ್ಕೂ ಮುಂಚೆ ಬಿಡುಗಡೆಯಾದ ಧ್ವನಿಮುದ್ರಣಗಳ ಹಕ್ಕು ಯುರೋಪಿನಲ್ಲಿ ಮುಗಿದಿರುವುದರಿಂದ ಯಾರು ಬೇಕಾದರೂ ಸೆಟ್ ಮಾಡಿ ಮಾರಬಹುದು. ಹಳೇ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ತಿರುಗುವ) ಗ್ರಾಮಫೋನ್ ತಟ್ಟೆಯಿಂದ ಎತ್ತಿ, ಕರಕರ ಸದ್ದು ತೆಗೆಯುವ ಭರದಲ್ಲಿ ಸಿಂಬಲ್ಸ್, ಸ್ಯಾಕ್ಸಿನ ಉಸಿರು, ಎಲ್ಲವನ್ನೂ ಉಜ್ಜಿ ಹಾಕಿರುತ್ತಾರೆ. ಕೇಳಿದರೆ ಕಂಬಳಿ ಹೊದ್ದು ಹಾಡಿದ ಹಾಗಿರುತ್ತದೆ. ಯಾರು ನುಡಿಸಿದರು, ಯಾವ ವರ್ಷ, ಯಾವ ಕಂಪನಿ, ಒಂದು ಸಾಲೂ ಇರುವುದಿಲ್ಲ. ಆ ವಾದ್ಯಗಾರರಿಗೆ ಬದುಕಿದ್ದಾಗಲೇ ಸಿಗಬೇಕಾದ ದುಡ್ಡು ಸಿಗಲಿಲ್ಲ, ಈಗ ಹೆಸರನ್ನೂ ಅಳಿಸುವುದು ನನಗಂತೂ ಸಹಿಸಲಾಗದ ವಿಷಯ.

ಹಾಡಿನ ಪಟ್ಟಿಯ ಜೊತೆ ರೆಕಾರ್ಡಿಂಗ್ ವರ್ಷ, ಮೊದಲು ಹೊರತಂದ ಕಂಪನಿ (ಕಿಂಗ್, ಸ್ಪೆಷಾಲ್ಟಿ, ಅಲಾದಿನ್, ಇಂಪೀರಿಯಲ್ ಹೀಗೆ) ಕೊಟ್ಟಿಲ್ಲದಿದ್ದರೆ ದುಡ್ಡು ಹಾಕಬೇಡಿ. 1955ರ ಹಾಡು ಚೊಕ್ಕ ಸ್ಟೀರಿಯೋದಲ್ಲಿ ಕೇಳಿಸಿದರೆ ಬಹುಪಾಲು ಅದು ಮರುಮುದ್ರಣವೇ.

ದುಡ್ಡು ಹೆಚ್ಚಾದರೂ ಪರವಾಗಿಲ್ಲ ಅನ್ನುವವರು ಜರ್ಮನಿಯ ಬೇರ್ ಫ್ಯಾಮಿಲಿ ಕಂಪನಿಯ ‘ಬ್ಲೋಯಿಂಗ್ ದ ಫ್ಯೂಸ್’ ಸರಣಿ ತಗೊಳ್ಳಿ. 1945ರಿಂದ 1960ರವರೆಗೆ ವರ್ಷಕ್ಕೊಂದು ಸಿಡಿ, ಜೊತೆಗೆ ಪ್ರತಿ ಹಾಡಿನ ಬಗ್ಗೆಯೂ ಬರೆದಿರುವ ದಪ್ಪ ಪುಸ್ತಿಕೆ. ಎಲ್ಲಾ ಒಟ್ಟಿಗೆ ಬೇಡ, 1949 ಅಥವಾ 1954ರದ್ದರಿಂದ ಶುರು ಮಾಡಿ. ರೂತ್ ಬ್ರೌನ್, ಬಿಗ್ ಜೋ ಟರ್ನರ್ ಥರದ ಗಾಯಕರ ಹಾಡು ಬೇಕೆಂದರೆ ಅಟ್ಲಾಂಟಿಕ್ ಕಂಪನಿಯೇ ತಂದ 1947–1974ರ ಸಂಗ್ರಹವಿದೆ.

ಸ್ಟ್ರೀಮಿಂಗ್ ಆ್ಯಪ್‌ಗಳಲ್ಲೂ ಇದೇ ನಕಲಿಗಳು ತುಂಬಿವೆ. ಅಲ್ಲಿ ತೋರಿಸುವ ವರ್ಷ ಎಷ್ಟೋ ಸಲ ಅಪ್‌ಲೋಡ್ ಮಾಡಿದ ವರ್ಷ, ಹಾಡಿನದ್ದಲ್ಲ.