ಬಿಗಿಯಾದ ಜ್ಯಾಕ್ ರಂಧ್ರ: ಡ್ರಿಲ್, ಅರ, ರೀಮರ್

ಕಿಟ್‌ನಿಂದ ಎಲೆಕ್ಟ್ರಿಕ್ ಗಿಟಾರ್ ಜೋಡಿಸುವಾಗ ಔಟ್‌ಪುಟ್ ಜ್ಯಾಕ್ (ಕೇಬಲ್‌ನ ಪ್ಲಗ್ ಸಿಕ್ಕಿಸುವ ಸಾಕೆಟ್) ತನ್ನ ರಂಧ್ರದೊಳಗೆ ಹೋಗದೆ ಸತಾಯಿಸುವುದುಂಟು. ಪ್ಲಗ್‌ನ ವ್ಯಾಸ 6.35 ಮಿ.ಮೀ. ಆದರೂ ಜ್ಯಾಕ್‌ನ ಥ್ರೆಡ್ ಇರುವ ಕೊರಳು ಸಾಮಾನ್ಯವಾಗಿ ಸುಮಾರು 9.5 ಮಿ.ಮೀ. ಇರುವುದರಿಂದ, ರಂಧ್ರದೊಳಗೆ ಬಣ್ಣದ ಪದರ ಕುಳಿತರೂ ಸಾಕು, ಅದು ಅಲ್ಲೇ ಸಿಕ್ಕಿಕೊಳ್ಳುತ್ತದೆ.

ರಂಧ್ರ ಅಗಲಿಸಲು ಡ್ರಿಲ್ ಹಿಡಿದರೆ ಬೇಗ ಕೆಲಸ ಮುಗಿಯುತ್ತದೆ. ಆದರೆ ಈಗಾಗಲೇ ಇರುವ ರಂಧ್ರಕ್ಕೆ ತುಸುವೇ ದೊಡ್ಡ ಬಿಟ್ ಹಾಕಿದರೆ, ನಡುವೆ ಆಧಾರ ಸಿಗದ ಬಿಟ್ ಅಂಚನ್ನು ಕಚ್ಚಿ ಎಳೆದು ಬಣ್ಣದ ಚಕ್ಕೆಯನ್ನೇ ಎಬ್ಬಿಸುತ್ತದೆ. ಪಾಲಿಶ್ ಆದ ಬಾಡಿಗೆ ನಾನಂತೂ ಅದನ್ನು ಹಚ್ಚುವುದಿಲ್ಲ.

ದುಂಡು ಅರ ಅಗ್ಗ, ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಹೊರಗಿನಿಂದ ಒಳಕ್ಕೆ ಮಾತ್ರ ಉಜ್ಜಿ, ಪ್ರತಿ ಎಳೆತಕ್ಕೂ ಅರವನ್ನು ತಿರುಗಿಸುತ್ತ ಹೋಗದಿದ್ದರೆ ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ.

ಬೆಳಗಾವಿಯ ಉದ್ಯಮಬಾಗದ ಯಂತ್ರಶಾಲೆಗಳಲ್ಲಿ ದುಡಿಯುವವರಿಗೆ ಪರಿಚಿತವಾದ ರೀಮರ್ ಎಂದರೆ ಇರುವ ರಂಧ್ರವನ್ನು ಕೆರೆದು ಅಗಲಿಸುವ ಉಪಕರಣ. ಅದು ಕೈಯಿಂದ ತಿರುಗಿಸುವ, ತುದಿಯತ್ತ ಕಿರಿದಾಗುತ್ತ ಹೋಗುವ ಬಗೆಯದಾದರೆ, ತಾನೇ ನಡುವನ್ನು ಹಿಡಿದು ಸುತ್ತಲೂ ಸಮವಾಗಿ ಕೆರೆಯುತ್ತದೆ. ತೆಳುವಾದ ಜ್ಯಾಕ್ ಪ್ಲೇಟ್‌ಗೆ ಇದಕ್ಕಿಂತ ಒಳ್ಳೆಯದಿಲ್ಲ. ದಪ್ಪ ಮರದಲ್ಲಿ ಮಾತ್ರ ಅದು ಬಾಯಿಯನ್ನಷ್ಟೇ ಅಗಲಿಸುವುದರಿಂದ, ಅಲ್ಲಿ ದುಂಡನೆಯ ಕೋಲಿಗೆ ಸುತ್ತಿದ ಸ್ಯಾಂಡ್‌ಪೇಪರ್ ಮೇಲು.

ಬೆಳಗಾವಿಯ ಮಳೆಗಾಲದ ತೇವಕ್ಕೆ ಮರ ಉಬ್ಬುವುದರಿಂದ ಕೂದಲೆಳೆಯಷ್ಟು ಸಡಿಲ ಬಿಡಬೇಕು. ಜ್ಯಾಕನ್ನು ಹಿಡಿದಿಡುವುದು ನಟ್ಟೇ ಹೊರತು ಮರವಲ್ಲ. ನಟ್ ಬಿಗಿಸುವಾಗ ಜ್ಯಾಕ್ ಜೊತೆಯಲ್ಲೇ ಸುತ್ತಿ ವೈರಿನ ಬೆಸುಗೆ ಕಿತ್ತುಬರದಂತೆ, ಹಿಂದಿನಿಂದ ಅದನ್ನು ಭದ್ರವಾಗಿ ಹಿಡಿದಿರಬೇಕು.