ಕೇಂಬ್ರಿಜ್‌ನ ಐಇಎಲ್‌ಟಿಎಸ್ ಅಭ್ಯಾಸ ಪುಸ್ತಕಗಳು: ವರ್ಷದ ಮೇಲೆ ಬಳಸಿದ ನರ್ಸ್ ಒಬ್ಬಳ ವಿಮರ್ಶೆ

ಹೊರದೇಶಕ್ಕೆ ಓದಲು, ಕೆಲಸಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್. ಅದರ ಲಿಸನಿಂಗ್ (ಕೇಳಿ ಉತ್ತರಿಸುವುದು) ಮತ್ತು ರೀಡಿಂಗ್‌ಗೆ (ಓದಿ ಉತ್ತರಿಸುವುದು) ಒಂದೇ ಒಂದು ವಸ್ತು ಕೊಳ್ಳುವಷ್ಟು ದುಡ್ಡಿದ್ದರೆ, ಕೇಂಬ್ರಿಜ್‌ನವರ ಅಭ್ಯಾಸ ಪುಸ್ತಕ ಕೊಳ್ಳಿ. ಆದರೆ ಮುಂಭಾಗದ ಪ್ರಶ್ನೆಪತ್ರಿಕೆಗಳಿಗಿಂತ ಪುಸ್ತಕದ ಕೊನೆಯಲ್ಲಿರುವ ಹಿಂದಿನ ಪುಟಗಳಿಗಾಗಿ ಕೊಳ್ಳಿ. ಲಿಸನಿಂಗ್‌ನಲ್ಲಿ ಆಡಿದ ಪ್ರತಿಯೊಂದು ಮಾತೂ ಅಲ್ಲಿ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಎಷ್ಟೋ ಜನ ಉತ್ತರ ತಾಳೆ ನೋಡಿ, ಅಂಕ ಬರೆದುಕೊಂಡು, ಆ ಪುಟಗಳನ್ನು ಮುಟ್ಟದೆ ಮುಂದಿನ ಟೆಸ್ಟ್‌ಗೆ ಹೋಗುತ್ತಾರೆ. ನನಗೆ ಬ್ಯಾಂಡ್ (9ಕ್ಕೆ ಕೊಡುವ ಅಂಕ) ಏರಿದ್ದು ಆ ಪುಟಗಳಿಂದಲೇ.

ನಾನು ಮಂಗಳೂರಿನಲ್ಲಿ ಸ್ಟಾಫ್ ನರ್ಸ್. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಬ್ರಿಟನ್‌ನಲ್ಲಿ ನರ್ಸ್ ಆಗಿ ನೋಂದಣಿ ಮಾಡಿಸಲು ಅಲ್ಲಿನ ನರ್ಸಿಂಗ್ ಕೌನ್ಸಿಲ್ ಲಿಸನಿಂಗ್, ರೀಡಿಂಗ್, ಸ್ಪೀಕಿಂಗ್ ಮೂರರಲ್ಲೂ 7, ರೈಟಿಂಗ್‌ನಲ್ಲಿ 6.5 ಕೇಳುತ್ತದೆ. ನಮ್ಮ ವೃತ್ತಿಯವರಿಗೆ ಓಇಟಿ ಅನ್ನುವ ಇನ್ನೊಂದು ಪರೀಕ್ಷೆಯೂ ಇದೆ. ಅದರಲ್ಲಿ ವಿಷಯವೆಲ್ಲ ಆಸ್ಪತ್ರೆಯದೇ. ನಾನು ಐಇಎಲ್‌ಟಿಎಸ್ ಆರಿಸಿಕೊಂಡೆ, ಹಾಗಾಗಿ ಈ ಬರಹ ಅದರ ಎರಡು ಬಗೆಗಳಲ್ಲಿ ಒಂದಾದ ಅಕಾಡೆಮಿಕ್ ಪರೀಕ್ಷೆಯ ಬಗ್ಗೆ. ನೈಟ್ ಡ್ಯೂಟಿ ಮುಗಿಸಿ ಬಂದು, ನಿದ್ದೆಗೂ ಅಡುಗೆಗೂ ನಡುವೆ ಸಿಕ್ಕ ಸಮಯದಲ್ಲಿ ಓದಿದವಳ ಅನುಭವ ಇದು. ನನ್ನ ಪರೀಕ್ಷೆ ಮುಗಿದ ಮೇಲೂ ಅದೇ ಪುಸ್ತಕಗಳನ್ನು ಹಿಡಿದು ವಾರ್ಡಿನ ಕಿರಿಯರಿಗೆ ಹೇಳಿಕೊಡುತ್ತಿದ್ದೇನೆ.

ಪುಸ್ತಕದಲ್ಲಿ ಏನಿದೆ ಅಂತ ಮೊದಲು ಹೇಳಿಬಿಡುತ್ತೇನೆ. ಒಂದೊಂದರಲ್ಲೂ ನಾಲ್ಕು ಪೂರ್ತಿ ಪರೀಕ್ಷೆಗಳು. ಕೊನೆಯಲ್ಲಿ ಆಡಿಯೋದ ಪಠ್ಯ, ಉತ್ತರಗಳು, ಕೆಲವು ಮಾದರಿ ಪ್ರಬಂಧಗಳು. ಹಳೆಯ ಪುಸ್ತಕಗಳಿಗೆ ಸಿಡಿ ಇತ್ತು, ಈಗಿನವಕ್ಕೆ ಆಡಿಯೋ ಆನ್‌ಲೈನ್‌ನಲ್ಲೇ ಸಿಗುತ್ತದೆ. ಪರೀಕ್ಷೆ ನಡೆಸುವ ಮೂರು ಸಂಸ್ಥೆಗಳಲ್ಲಿ ಕೇಂಬ್ರಿಜ್ ಕೂಡ ಒಂದು. ಉಳಿದೆರಡು ಬ್ರಿಟಿಷ್ ಕೌನ್ಸಿಲ್ ಮತ್ತು ಐಡಿಪಿ. ಅಂದರೆ ಪ್ರಶ್ನೆ ತಯಾರಿಸುವವರ ಕೈಯಿಂದಲೇ ಬಂದ ಪುಸ್ತಕ. ಅದರ ಬೆಲೆ ಏನು ಅಂತ ಬೇರೆ ಆ್ಯಪ್‌ಗಳನ್ನು ನೋಡಿದ ಮೇಲೆ ಗೊತ್ತಾಗುತ್ತದೆ.

ಲಿಸನಿಂಗ್ ಸುಮಾರು 30 ನಿಮಿಷ, 40 ಪ್ರಶ್ನೆ, ನಾಲ್ಕು ಭಾಗ. ಮೊದಲನೆಯದು ದಿನನಿತ್ಯದ ಮಾತುಕತೆ: ರೂಮ್ ಬಾಡಿಗೆ, ಕ್ಲಬ್ ಸದಸ್ಯತ್ವ, ಇಂಥದ್ದು. ಎರಡನೆಯದರಲ್ಲಿ ಒಬ್ಬರೇ ಮಾತಾಡುತ್ತಾರೆ, ಹೆಚ್ಚಾಗಿ ಯಾವುದೋ ಜಾಗದ ಪರಿಚಯ, ಕೆಲವು ಸಲ ನಕ್ಷೆ. ಮೂರನೆಯದು ವಿದ್ಯಾರ್ಥಿಗಳ ಚರ್ಚೆ. ನಾಲ್ಕನೆಯದು ಕಾಲೇಜಿನ ಪಾಠ. ಎಲ್ಲವೂ ಒಂದೇ ಸಲ ಕೇಳಿಸುತ್ತದೆ. ಪೇಪರ್ ಪರೀಕ್ಷೆಯಲ್ಲಿ ಉತ್ತರ ಹಾಳೆಗೆ ಇಳಿಸಲು 10 ನಿಮಿಷ ಜಾಸ್ತಿ ಇರುತ್ತಿತ್ತು. ಕಂಪ್ಯೂಟರ್‌ನಲ್ಲಿ ಪರಿಶೀಲನೆಗೆ 2 ನಿಮಿಷ ಅಷ್ಟೇ. ಪುಸ್ತಕ ಇಟ್ಟುಕೊಂಡು 10 ನಿಮಿಷದ ಅಭ್ಯಾಸ ಮಾಡಿಕೊಂಡು ಕಂಪ್ಯೂಟರ್ ಪರೀಕ್ಷೆಗೆ ಹೋದರೆ ಕೊನೆಯಲ್ಲಿ ತಬ್ಬಿಬ್ಬಾಗುತ್ತದೆ.

ನಮ್ಮಂಥ ಕನ್ನಡ ಮಾಧ್ಯಮದವರಿಗೆ ಲಿಸನಿಂಗ್ ಎಲ್ಲಿ ಕೈಕೊಡುತ್ತದೆ? ಪದ ಗೊತ್ತಿರುತ್ತದೆ, ಅದರ ದನಿ ಗೊತ್ತಿರುವುದಿಲ್ಲ. ಕನ್ನಡದಲ್ಲಿ ಬರೆದದ್ದನ್ನೆಲ್ಲ ಓದುತ್ತೇವೆ, ಪ್ರತಿ ಅಕ್ಷರಕ್ಕೂ ಅದರ ಪಾಲು ಕೊಡುತ್ತೇವೆ. ಇಂಗ್ಲಿಷ್‌ನವರು ಪದದ ಒಂದು ಕಡೆ ಒತ್ತಿ ಹೇಳಿ ಉಳಿದದ್ದನ್ನು ನುಂಗಿಬಿಡುತ್ತಾರೆ. ನಾವು ‘ವೆಜಿಟೇಬಲ್’ ಅಂತ ಕಾಯುತ್ತಿದ್ದರೆ ‘ವೆಜ್ಟಬ್ಲ್’ ಅಂತ ಹೋಗಿಬಿಟ್ಟಿರುತ್ತದೆ. ‘ಕಂಫರ್ಟೆಬಲ್’ ಅಲ್ಲಿ ‘ಕಂಫ್ಟಬ್ಲ್’. ಬ್ರಿಟಿಷರ ಬಾಯಲ್ಲಿ ‘ಕಾರ್’ನ ಕೊನೆಯ ರಕಾರ ಕೇಳಿಸುವುದೇ ಇಲ್ಲ. ಆಸ್ಟ್ರೇಲಿಯಾದವರು ‘ಎ’ ಅಕ್ಷರ ಹೇಳಿದರೆ ನಮ್ಮ ಕಿವಿಗೆ ‘ಐ’ ಅನ್ನಿಸುತ್ತದೆ. ಹೆಸರನ್ನು ಒಂದೊಂದೇ ಅಕ್ಷರವಾಗಿ ಬಿಡಿಸಿ ಹೇಳುವ ಪ್ರಶ್ನೆ ಮೊದಲ ಭಾಗದಲ್ಲಿ ಆಗಾಗ ಬರುತ್ತದೆ. ಅಲ್ಲಿ ಇದರಿಂದಲೇ ಒಂದು ಅಂಕ ಹೋಗುತ್ತದೆ. ಥರ್ಟೀನ್-ಥರ್ಟಿ, ಫಿಫ್ಟೀನ್-ಫಿಫ್ಟಿ, ಈ ಜೋಡಿಗಳಲ್ಲೂ ಹಾಗೇ. ಒತ್ತು ಎಲ್ಲಿ ಬಿತ್ತು ಅಂತ ಕೇಳಿಸಿಕೊಳ್ಳಬೇಕು.

ಇದಕ್ಕೆ ಹಿಂದಿನ ಪುಟಗಳನ್ನು ನಾನು ಬಳಸಿದ್ದು ಹೀಗೆ. ಮೊದಲು ಪರೀಕ್ಷೆಯ ಹಾಗೆಯೇ ಒಂದು ಸಲ ಕೇಳಿ ಉತ್ತರ ಬರೆಯುವುದು. ಉತ್ತರ ನೋಡದೆ ಇನ್ನೊಂದು ಸಲ ಕೇಳಿ ಬೇರೆ ಬಣ್ಣದ ಪೆನ್ನಿನಲ್ಲಿ ತಿದ್ದುವುದು. ಆಮೇಲೆ ಪಠ್ಯ ತೆರೆದು, ಕಣ್ಣಿನಿಂದ ಓದುತ್ತಾ ಕಿವಿಯಿಂದ ಕೇಳುವುದು. ತಪ್ಪಿದ ಜಾಗದಲ್ಲಿ ನಿಲ್ಲಿಸಿ, ಆ ಒಂದು ವಾಕ್ಯವನ್ನು ಮತ್ತೆ ಮತ್ತೆ ಹಾಕಿ, ಅವರ ಜೊತೆಗೇ ಅದೇ ವೇಗದಲ್ಲಿ ಗಟ್ಟಿಯಾಗಿ ಹೇಳುವುದು. ನಿಮ್ಮ ಬಾಯಿಂದ ಹಾಗೆ ಹೊರಟ ಪದವನ್ನು ಕಿವಿ ಮುಂದಿನ ಸಲ ಬಿಡುವುದಿಲ್ಲ. ಅರ್ಧ ಗಂಟೆಯ ಪರೀಕ್ಷೆಗೆ ಎರಡು ಗಂಟೆಯ ಈ ಕೆಲಸ ಬೇಕು. ಬೇಜಾರಿನ ಕೆಲಸ ಹೌದು. ಆದರೆ ಹತ್ತು ಪರೀಕ್ಷೆಗಳನ್ನು ಸುಮ್ನೆ ಓಡಿಸುವುದಕ್ಕಿಂತ ಎರಡನ್ನು ಹೀಗೆ ಅರಗಿಸಿಕೊಂಡರೆ ಫಲ ಹೆಚ್ಚು.

ತಪ್ಪುಗಳನ್ನು ಬೇರೆ ಬೇರೆಯಾಗಿ ಬರೆದಿಡುವುದೂ ಮುಖ್ಯ. ಕೇಳಿಸಲೇ ಇಲ್ಲವೇ, ಕೇಳಿಸಿಯೂ ಸ್ಪೆಲಿಂಗ್ ತಪ್ಪಾಯಿತೇ, ಅಥವಾ ಬಲೆಗೆ ಬಿದ್ದಿರೇ? ಬಲೆ ಅಂದರೆ, ಮಾತಾಡುವವರು ಮೊದಲು ‘ಮಂಗಳವಾರ ಬರ್ತೀನಿ’ ಅಂತಾರೆ, ಮರುಕ್ಷಣ ‘ಅಯ್ಯೋ ಅವತ್ತು ಆಗಲ್ಲ, ಗುರುವಾರ’ ಅಂತಾರೆ. ಆತುರದವರು ಮಂಗಳವಾರ ಬರೆದು ಪೆನ್ ಕೆಳಗಿಟ್ಟಿರುತ್ತಾರೆ. ಪಠ್ಯ ಓದುವಾಗ ಇಂಥ ತಿರುವುಗಳ ಕೆಳಗೆ ಗೆರೆ ಎಳೆಯುತ್ತಾ ಹೋದರೆ, ಎಲ್ಲಿ ಕಾಯಬೇಕು ಅಂತ ಮೆಲ್ಲಗೆ ಅಂದಾಜು ಸಿಗುತ್ತದೆ. ಸ್ಪೆಲಿಂಗ್ ತಪ್ಪಾದರೆ ಅರ್ಧ ಅಂಕವೂ ಇಲ್ಲ. ಅಕಾಮಡೇಶನ್‌ಗೆ ಎರಡು ಸಿ, ಎರಡು ಎಮ್. ಎನ್ವಿರಾನ್‌ಮೆಂಟ್‌ನಲ್ಲಿ ಎಮ್‌ಗೆ ಮುಂಚೆ ಇರುವ ಎನ್ ಬಿಡಬೇಡಿ. ಬ್ರಿಟಿಷ್ ಸ್ಪೆಲಿಂಗ್ ಆದರೂ ಸರಿ, ಅಮೆರಿಕನ್ ಆದರೂ ಸರಿ. ಒಂದೇ ಪದ ಬರೆಯಿರಿ ಅಂದಾಗ ಎರಡು ಬರೆದರೆ ಉತ್ತರ ಸರಿಯಿದ್ದರೂ ಸೊನ್ನೆ. ಬಹುವಚನದ ಎಸ್ ಬಿಟ್ಟರೂ ಸೊನ್ನೆ. ಆದರೆ ತಪ್ಪು ಉತ್ತರಕ್ಕೆ ಅಂಕ ಕಡಿಯುವುದಿಲ್ಲ, ಆದ್ದರಿಂದ ಯಾವ ಜಾಗವನ್ನೂ ಖಾಲಿ ಬಿಡಬೇಡಿ.

ಇನ್ನು ರೀಡಿಂಗ್. 60 ನಿಮಿಷ, ಮೂರು ಉದ್ದದ ಲೇಖನ, 40 ಪ್ರಶ್ನೆ. ಇಲ್ಲಿ ಉತ್ತರ ಇಳಿಸಲು ಬೇರೆ ಸಮಯ ಇಲ್ಲ. ಲೇಖನಗಳು ಸಾಮಾನ್ಯವಾಗಿ ಹೋಗುತ್ತಾ ಹೋಗುತ್ತಾ ಕಷ್ಟವಾಗುತ್ತವೆ. ಒಂದೊಂದಕ್ಕೂ 20 ನಿಮಿಷ ಅಂತ ಹಂಚಿಕೊಳ್ಳುವುದು ವಾಡಿಕೆ. ನಾನು ಮೊದಲನೆಯದನ್ನು 15ರಲ್ಲಿ ಮುಗಿಸಿ, ಉಳಿಸಿದ್ದನ್ನು ಮೂರನೆಯದಕ್ಕೆ ಕೊಡುತ್ತಿದ್ದೆ.

ಎಲ್ಲರೂ ಒದ್ದಾಡುವುದು ಟ್ರೂ, ಫಾಲ್ಸ್, ನಾಟ್ ಗಿವನ್ ಪ್ರಶ್ನೆಗಳಲ್ಲಿ. ಕೊಟ್ಟ ಹೇಳಿಕೆ ಲೇಖನದ ಪ್ರಕಾರ ಸರಿಯೇ, ತಪ್ಪೇ, ಅಥವಾ ಆ ವಿಷಯವೇ ಅಲ್ಲಿಲ್ಲವೇ ಅಂತ ಹೇಳಬೇಕು. ‘ಅಕ್ಕ, ಇದು ಯಾಕೆ ಫಾಲ್ಸ್ ಅಲ್ಲ, ಯಾಕೆ ನಾಟ್ ಗಿವನ್?’ ವಾರ್ಡಿನ ಹುಡುಗಿಯರು ನನ್ನನ್ನು ಅತಿ ಹೆಚ್ಚು ಕೇಳಿದ ಪ್ರಶ್ನೆ ಇದು. ನಾನು ಅವರಿಗೆ ನಮ್ಮದೇ ಊರಿನ ಕಡೆಯ ಎರಡು ವಾಕ್ಯ ಕೊಡುತ್ತೇನೆ. ‘ಶಿವನಸಮುದ್ರದ ವಿದ್ಯುತ್ ಕೇಂದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು. 1905ರಲ್ಲಿ ಬೆಂಗಳೂರಿಗೂ ಬಂತು.’ ಈಗ ಹೇಳಿಕೆಗಳು. ‘ಬೆಂಗಳೂರಿಗಿಂತ ಮೊದಲು ಗಣಿಗೆ ವಿದ್ಯುತ್ ಸಿಕ್ಕಿತು’: ಟ್ರೂ. ‘ಎರಡೂ ಕಡೆಗೆ ಒಂದೇ ವರ್ಷ ಸಿಕ್ಕಿತು’: ಫಾಲ್ಸ್, ಯಾಕೆಂದರೆ ಬರೆದದ್ದಕ್ಕೆ ಇದು ನೇರ ವಿರುದ್ಧ. ‘ಗಣಿಯವರು ಕೊಡುತ್ತಿದ್ದ ದರ ಬೆಂಗಳೂರಿನವರಿಗಿಂತ ಕಡಿಮೆ’: ನಾಟ್ ಗಿವನ್. ದರದ ಸುದ್ದಿಯೇ ಅಲ್ಲಿಲ್ಲ. ಇಲ್ಲಿವರೆಗೆ ಎಲ್ಲರೂ ಸರಿ ಹೇಳುತ್ತಾರೆ. ಕೊನೆಯದಾಗಿ ‘ಈ ಕೇಂದ್ರ ಕಾವೇರಿ ನದಿಯ ನೀರಿನಿಂದ ನಡೆಯುತ್ತದೆ’ ಅಂತ ಕೇಳುತ್ತೇನೆ. ಎಲ್ಲರೂ ಒಂದೇ ದನಿಯಲ್ಲಿ ‘ಟ್ರೂ’ ಅಂತಾರೆ. ನಾಲ್ಕನೇ ಕ್ಲಾಸಿನ ಮಗುವಿಗೂ ಗೊತ್ತಿರುವ ವಿಷಯ ಅಲ್ವಾ? ಆದರೆ ಕೊಟ್ಟ ಎರಡು ವಾಕ್ಯಗಳಲ್ಲಿ ಕಾವೇರಿಯ ಹೆಸರೇ ಇಲ್ಲ. ಉತ್ತರ ನಾಟ್ ಗಿವನ್. ಆರೋಗ್ಯದ ಬಗ್ಗೆ ಲೇಖನ ಬಂದಾಗ ನರ್ಸ್‌ಗಳಾದ ನಾವು ಎಡವುವುದು ಇಲ್ಲೇ. ನಮಗೆ ಗೊತ್ತಿರುವುದನ್ನು ಬಾಗಿಲ ಹೊರಗಿಟ್ಟು ಬರಬೇಕು.

ಇನ್ನೊಂದು ವಿಷಯ. ಈ ಬಗೆಯ ಪ್ರಶ್ನೆಗಳ ಉತ್ತರಗಳು ಲೇಖನದಲ್ಲಿ ಅದೇ ಕ್ರಮದಲ್ಲಿ ಬರುತ್ತವೆ. ಆದರೆ ಯಾವ ಮಾಹಿತಿ ಯಾವ ಪ್ಯಾರಾದಲ್ಲಿದೆ ಅಂತ ಕೇಳಿದಾಗ ಕ್ರಮ ಇರುವುದಿಲ್ಲ. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಅಷ್ಟರಲ್ಲಿ ಬೇರೆ ಪ್ರಶ್ನೆಗಳ ನೆಪದಲ್ಲಿ ಲೇಖನ ಪರಿಚಯವಾಗಿರುತ್ತದೆ.

ನಾನು ಕೆಲವು ತಿಂಗಳು ಒಂದು ಕೋಚಿಂಗ್ ಸೆಂಟರ್‌ಗೂ ಹೋಗಿದ್ದೆ, ಹೆಸರು ಬೇಡ. ಅಲ್ಲಿ ದಿನಕ್ಕೊಂದು ಟೆಸ್ಟ್. ಮುಗಿದ ಕೂಡಲೇ ಉತ್ತರ ಓದಿ ಹೇಳಿ, ಅಂಕ ಬರೆದುಕೊಂಡು ಮನೆಗೆ ಕಳಿಸುತ್ತಿದ್ದರು. ಪಠ್ಯದ ಪುಟಗಳ ಜೆರಾಕ್ಸ್ ಕೇಳಿದರೆ ‘ಅದೆಲ್ಲ ಬೇಡ ಮೇಡಂ, ಟೈಮ್ ವೇಸ್ಟ್’ ಅಂದರು. ರೀಡಿಂಗ್‌ಗೆ ಅವರು ಹೇಳಿಕೊಟ್ಟ ಉಪಾಯ, ಪ್ರಶ್ನೆಯ ಪದವನ್ನೇ ಲೇಖನದಲ್ಲಿ ಹುಡುಕಿ ಅಲ್ಲಿಂದ ಉತ್ತರ ಎತ್ತುವುದು. ಪ್ರಶ್ನೆ ತಯಾರಿಸುವವರಿಗೆ ಈ ಉಪಾಯ ಗೊತ್ತಿಲ್ಲವೇ? ಪ್ರಶ್ನೆಯಲ್ಲಿ ‘ದುಬಾರಿ’ ಅಂತಿದ್ದರೆ ಲೇಖನದಲ್ಲಿ ‘ಸಾಮಾನ್ಯರ ಕೈಗೆಟುಕದ’ ಅಂತಿರುತ್ತದೆ. ಅದೇ ಪದ ಹಾಗೇ ಕಂಡರೆ ಎಚ್ಚರವಾಗಬೇಕು. ಅಷ್ಟು ಫೀಸ್ ಕಟ್ಟುವ ಮಕ್ಕಳಿಗೆ ಈ ಮಾತನ್ನು ಯಾರೂ ಹೇಳುವುದಿಲ್ಲ ಅನ್ನುವುದು ನನಗೆ ಈಗಲೂ ಬೇಸರದ ವಿಷಯ.

ಪುಸ್ತಕದ ಕೊರತೆಗಳೂ ಇವೆ. ದೊಡ್ಡದು ಅಂದರೆ ಅಚ್ಚಾದ ಪುಟಗಳಲ್ಲಿ ವಿವರಣೆ ಇಲ್ಲದಿರುವುದು. ಉತ್ತರ ‘ಸಿ’ ಅಂತ ಇರುತ್ತದೆ, ಯಾಕೆ ‘ಸಿ’ ಅಂತ ಪುಸ್ತಕ ಹೇಳುವುದಿಲ್ಲ. ಲಿಸನಿಂಗ್‌ನಲ್ಲಿ ಪಠ್ಯ ನೋಡಿ ಕಂಡುಕೊಳ್ಳಬಹುದು. ರೀಡಿಂಗ್‌ನಲ್ಲಿ, ಅದರಲ್ಲೂ ನಾಟ್ ಗಿವನ್‌ನಲ್ಲಿ, ಒಬ್ಬರೇ ಕೂತು ತಲೆ ಕೆಡಿಸಿಕೊಳ್ಳಬೇಕು. ಜೊತೆಗೆ ಓದುವ ಒಬ್ಬರಿದ್ದರೆ ಒಳ್ಳೆಯದು. ಒಂದು ಉತ್ತರದ ಬಗ್ಗೆ ಜಗಳ ಆಡಿದರೂ ಅದು ಓದೇ. ಇಂಗ್ಲಿಷ್ ಬುಡದಿಂದ ಕಲಿಯಬೇಕಾದವರಿಗೂ ಈ ಪುಸ್ತಕ ಅಲ್ಲ. 40ಕ್ಕೆ 15 ದಾಟುತ್ತಿಲ್ಲ ಅಂದರೆ ಇದನ್ನು ಕಟ್ಟಿಟ್ಟು, ಬಿಬಿಸಿ ಮತ್ತು ಬ್ರಿಟಿಷ್ ಕೌನ್ಸಿಲ್‌ನವರು ಕಲಿಯುವವರಿಗಾಗಿ ಉಚಿತವಾಗಿ ಇಟ್ಟಿರುವ ಆಡಿಯೋಗಳನ್ನು ಒಂದಷ್ಟು ತಿಂಗಳು ಕೇಳಿ. ಅಸಲಿ ಪ್ರಶ್ನೆಪತ್ರಿಕೆಗಳು ಬೇಕಾದಷ್ಟಿಲ್ಲ. ಕಿವಿ ಹದವಾಗುವ ಮೊದಲೇ ಎಲ್ಲ ಖರ್ಚು ಮಾಡಬೇಡಿ.

ಉಚಿತ ಆ್ಯಪ್‌ಗಳ ಬಗ್ಗೆ ಒಂದೇ ಮಾತು. ಲಿಸನಿಂಗ್‌ಗೆ ಕಿವಿ ಪಳಗಿಸಲು ಪರವಾಗಿಲ್ಲ, ರೀಡಿಂಗ್‌ಗೆ ಬೇಡ. ಯಾರೋ ಬರೆದ ಪ್ರಶ್ನೆಗಳಲ್ಲಿ ಉತ್ತರವೇ ತಪ್ಪಿರುತ್ತದೆ, ಸರಿಯಾಗಿ ಯೋಚಿಸುವವರ ಧೈರ್ಯ ಕುಗ್ಗುತ್ತದೆ. ಪರೀಕ್ಷೆಗೆ ಮುಂಚೆ ‘ಅಸಲಿ ಪೇಪರ್ ಇದೆ’ ಅಂತ ದುಡ್ಡು ಕೇಳುವ ಗುಂಪುಗಳೂ ಮೊಬೈಲ್‌ಗೆ ಬರುತ್ತವೆ. ದಯವಿಟ್ಟು ಒಂದು ರೂಪಾಯಿಯನ್ನೂ ಕಳಿಸಬೇಡಿ.

ಅಂಕದ ಲೆಕ್ಕ ಎಲ್ಲರೂ ಕೇಳುತ್ತಾರೆ. ಹೆಚ್ಚೂಕಡಿಮೆ ಹೀಗೆ: ಲಿಸನಿಂಗ್‌ನಲ್ಲೂ ಅಕಾಡೆಮಿಕ್ ರೀಡಿಂಗ್‌ನಲ್ಲೂ 40ಕ್ಕೆ 23 ಬಂದರೆ ಬ್ಯಾಂಡ್ 6, 30 ಬಂದರೆ 7, 35 ಬಂದರೆ 8. ಪ್ರಶ್ನೆಪತ್ರಿಕೆಯ ಕಷ್ಟ ನೋಡಿ ಒಂದೆರಡು ಅಂಕ ಆಚೀಚೆ ಆಗುತ್ತದೆ. ಹಾಗಾಗಿ ಮನೆಯಲ್ಲಿ 30ಕ್ಕೆ ನಿಲ್ಲದೆ 33ರ ಆಸುಪಾಸು ಬರುವವರೆಗೆ ಫೀಸ್ ಕಟ್ಟದಿರುವುದು ಒಳ್ಳೆಯದು. ನನಗೆ ಬಂದದ್ದು ಲಿಸನಿಂಗ್ 7.5, ರೀಡಿಂಗ್ 7. ಫಲಿತಾಂಶಕ್ಕೆ ಎರಡು ವರ್ಷ ಬೆಲೆ ಇರುತ್ತದೆ.

ಕೊಳ್ಳುವವರಿಗೆ ಕೊನೆಯದಾಗಿ ಕೆಲವು ವಿಷಯ. ಹೊಸ ಪುಸ್ತಕಗಳು ಅಕಾಡೆಮಿಕ್‌ಗೆ ಬೇರೆ, ಪರೀಕ್ಷೆಯ ಇನ್ನೊಂದು ಬಗೆಯಾದ ಜನರಲ್ ಟ್ರೈನಿಂಗ್‌ಗೆ ಬೇರೆ ಬರುತ್ತವೆ. ಮುಖಪುಟದಲ್ಲೇ ಬರೆದಿರುತ್ತದೆ, ನೋಡಿ ತಗೊಳ್ಳಿ. ಎರಡಕ್ಕೂ ಲಿಸನಿಂಗ್ ಒಂದೇ, ರೀಡಿಂಗ್ ಬೇರೆ. ಜನರಲ್ ರೀಡಿಂಗ್‌ನಲ್ಲಿ 7 ಬರಲು ಸುಮಾರು 34 ಬೇಕು. ರಸ್ತೆ ಬದಿಯ ಜೆರಾಕ್ಸ್ ಪ್ರತಿಗಳಲ್ಲಿ ಲಿಸನಿಂಗ್‌ನ ನಕ್ಷೆಗಳು ಮಸಿ ಮೆತ್ತಿಕೊಂಡು ಅಕ್ಷರವೇ ಕಾಣುವುದಿಲ್ಲ. ಹಿಂದಿನ ಪುಟಗಳನ್ನಂತೂ ಎಷ್ಟೋ ಪ್ರತಿಗಳಲ್ಲಿ ಕತ್ತರಿಸಿಯೇ ಬಿಟ್ಟಿರುತ್ತಾರೆ. ಇತ್ತೀಚಿನ ಎರಡು ಅಸಲಿ ಪುಸ್ತಕ ಸಾಕು. ಗೆಳತಿಯರಿಬ್ಬರು ಸೇರಿ ಕೊಂಡರೆ ಖರ್ಚು ಅರ್ಧ. ಉತ್ತರಗಳನ್ನು ಬೇರೆ ನೋಟ್‌ಬುಕ್‌ನಲ್ಲಿ ಬರೆಯಿರಿ, ಪುಸ್ತಕ ಇನ್ನೊಬ್ಬರಿಗೂ ಬರುತ್ತದೆ. ಕಂಪ್ಯೂಟರ್ ಪರೀಕ್ಷೆಯಲ್ಲಿ ಎಡಗಡೆ ಲೇಖನ, ಬಲಗಡೆ ಪ್ರಶ್ನೆ ಇರುತ್ತದೆ. ಅದರ ಉಚಿತ ಮಾದರಿ ಐಇಎಲ್‌ಟಿಎಸ್‌ನವರ ಸ್ವಂತ ವೆಬ್‌ಸೈಟ್‌ನಲ್ಲೇ ಇದೆ. ಕೊನೆಯ ಎರಡು ವಾರ ಪುಸ್ತಕ ಬದಿಗಿಟ್ಟು ಅದರಲ್ಲೇ ಅಭ್ಯಾಸ ಮಾಡಿ, ಮೊಬೈಲ್‌ನಲ್ಲಿ ಬೇಡ, ಯಾರದ್ದಾದರೂ ಲ್ಯಾಪ್‌ಟಾಪ್ ಕೇಳಿ ಪಡೆದಾದರೂ ಸರಿ.